ದಾರ ಕಟ್ಟಿದ ಬಂದೂಕು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ಅವ್ವ ಉಟ್ಟಿದ್ದ ಸೀರೆ ಹಸಿರೋ ಕೆಂಪೋ, ಅಪ್ಪ ನಿಂತಿದ್ದು ಪಡಸಾಲೆಯ ಒಳಗೋ ಹೊಸ್ತಿಲ ಮೇಲೋ, ಖಚಿತವಾಗಿ ಹೇಳಲಾರೆ. ದಿನಾ ಡೈರಿ ಬರೆಯುವವಳು ನಾನು. ಆದರೆ ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ‘ಊರಲ್ಲಿ ಬನ್ನಿ ಹಬ್ಬ. ಹೋಳಿಗೆ ಹೆಚ್ಚಾಯಿತು. ನಾಳೆ ವಾಪಸು.’ ಬಂದೂಕಿನ ಮಾತೇ ಇಲ್ಲ. ಬರೆದಿಡಬೇಕಾದದ್ದು ಹೋಳಿಗೆ ಅನ್ನಿಸಿತ್ತು, ಬಂದೂಕು ಅನ್ನಿಸಿರಲಿಲ್ಲ. ನಮ್ಮ ಮನೆಯಲ್ಲಿ ಬಂದೂಕು ಅಂದರೆ ಬೀಸುಕಲ್ಲಿನ ಹಾಗೆ, ಇದ್ದೇ ಇರುವ ವಸ್ತು. ಅದು ಇಲ್ಲವಾದ ಮೇಲೆಯೇ ನಾನು ಅದರ ಬಗ್ಗೆ ಯೋಚಿಸಲು ಶುರು ಮಾಡಿದ್ದು.

ಅಪ್ಪ ಮೊದಲು ಮಿಲಿಟರಿಯಲ್ಲಿದ್ದ. ಅಲ್ಲಿಂದ ಬಂದ ಮೇಲೆ ಇಳಕಲ್ಲಿನ ಒಂದು ಬ್ಯಾಂಕಿನ ಬಾಗಿಲಿಗೆ ಕಾವಲುಗಾರನಾದ. ಸ್ವಂತ ಬಂದೂಕು, ಸ್ವಂತ ಲೈಸೆನ್ಸು ಇದ್ದವರನ್ನೇ ಆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಹಾಗೆ ಎರಡು ನಳಿಗೆಯ, ನಡುವೆ ಮಡಚಿ ತೆರೆಯುವ ಬಂದೂಕೊಂದು ನಮ್ಮ ಮನೆಗೆ ಬಂತು. ಹುನಗುಂದದ ಹತ್ತಿರದ ನಮ್ಮ ಊರಿನಿಂದ ಅಪ್ಪ ದಿನಾ ಬಸ್ಸಿನಲ್ಲಿ ಇಳಕಲ್ಲಿಗೆ ಹೋಗಿ ಬರುತ್ತಿದ್ದ. ಬಂದೂಕು ಕ್ಯಾನ್ವಾಸಿನ ಚೀಲದಲ್ಲಿ, ಕಾಡತೂಸು ಬೇರೆ ಚೀಲದಲ್ಲಿ. ಬಸ್ಸಿನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದ, ನಳಿಗೆಯ ಬಾಯಿ ತನ್ನ ಎರಡು ಬೂಟಿನ ನಡುವೆ ಕೆಳಗೆ ಮಾಡಿ. ಮುಂದೆ ಸೀಟು ಖಾಲಿಯಾದರೂ ಬರುತ್ತಿರಲಿಲ್ಲ. ‘ನನ್ನ ಹಿಂದ ಯಾರೂ ಇರಬಾರ್ದು, ನನ್ನ ಮುಂದ ಇದರ ಬಾಯಿ ಇರಬಾರ್ದು’ ಅನ್ನುತ್ತಿದ್ದ.

ಸಂಜೆ ಮನೆಗೆ ಬಂದ ಕೂಡಲೇ ಒಂದು ಕ್ರಮವಿತ್ತು. ಚೀಲ ಬಿಚ್ಚಿ ಬಂದೂಕು ಹೊರತೆಗೆದು, ನಳಿಗೆಯನ್ನು ಗೋಡೆಯ ಕಡೆ ಮಾಡಿ, ನಡುವೆ ಮಡಚಿ ತೆರೆಯುತ್ತಿದ್ದ. ಎರಡೂ ನಳಿಗೆಯೊಳಗೆ ಬೆಳಕು ಹಾಯಿಸಿ ನೋಡುತ್ತಿದ್ದ. ನೋಡಿದ್ದು ಸಾಲದು ಎಂಬಂತೆ ಕಾಡತೂಸು ಕೂರುವ ಎರಡೂ ತೂತಿನಲ್ಲಿ ಕಿರುಬೆರಳು ಹಾಕಿ ತಿರುವುತ್ತಿದ್ದ. ಆಮೇಲೆ ತೆರೆದ ಬಂದೂಕನ್ನು ತೆರೆದ ಹಾಗೆಯೇ ಅವ್ವನಿಗೆ ಕೊಡುತ್ತಿದ್ದ. ಅವ್ವನೂ ನೋಡಬೇಕು, ಬೆರಳು ಹಾಕಬೇಕು. ಆಮೇಲಷ್ಟೇ ಅದು ಅಲಮಾರಿಗೆ ಹೋಗುತ್ತಿತ್ತು. ಅವ್ವನ ಕೈಗೆ ರೊಟ್ಟಿಯ ಹಿಟ್ಟು ಹತ್ತಿರುತ್ತಿತ್ತು.

‘ಈಗರ ನೀವು ನೋಡೀರಲ್ಲ, ಮತ್ತ ನಾ ಯಾಕ ನೋಡ್ಲಿ? ಹೆಂಚಿನ ಮ್ಯಾಲ ರೊಟ್ಟಿ ಹೊತ್ತೈತಿ.’

‘ನಾ ನೋಡಿದ್ದು ನನಗ. ನೀ ನೋಡೂದು ನಿನಗ. ಖಾಲಿ ಐತಿ ಅಂತ ಯಾರರ ಹೇಳಿದ್ರ ನಂಬಬಾರ್ದು. ಹೇಳಾಂವ ನಾನ ಆದ್ರೂ ನಂಬಬಾರ್ದು.’

‘ನಿಮ್ಮ ಮಾತು ನಾ ಮದಿವಿ ಆದ ದಿವಸದಿಂದ ನಂಬಿಲ್ಲ’ ಅನ್ನುತ್ತ ಅವ್ವ ಬೆರಳು ಹಾಕಿ ನೋಡುತ್ತಿದ್ದಳು. ಬಂದೂಕಿನ ತೂತಿನಲ್ಲಿ ಜೋಳದ ಹಿಟ್ಟು ಉಳಿಯುತ್ತಿತ್ತು. ಮರುದಿನ ಬೆಳಿಗ್ಗೆ ಅಪ್ಪ ಅದನ್ನು ಬಟ್ಟೆಯಿಂದ ಒರೆಸುತ್ತಿದ್ದ, ಏನೂ ಅನ್ನುತ್ತಿರಲಿಲ್ಲ.

ನಾನು ಕಾಲೇಜಿಗೆ ಬಂದ ಮೇಲೆ ಕೆಲವೊಮ್ಮೆ ಅವ್ವನ ಬದಲು ನನ್ನ ಕೈಗೆ ಕೊಡುತ್ತಿದ್ದ. ಮೊದಲ ಸಲ ಕೊಟ್ಟಾಗ ನನ್ನ ಬೆರಳು ಟ್ರಿಗರಿನ ಕಡೆ ಹೋಗಿತ್ತು ಅಂತ ನೆನಪು. ಬೈಯಲಿಲ್ಲ. ಬೆರಳನ್ನು ಹಿಡಿದು, ನೆಟ್ಟಗೆ ಮಾಡಿ, ಬಂದೂಕಿನ ಹಿಡಿಯ ಕಟ್ಟಿಗೆಯ ಪಕ್ಕಕ್ಕೆ ಉದ್ದಕ್ಕೆ ಒರಗಿಸಿ ಇಟ್ಟ. ‘ಇದರ ಜಾಗಾ ಇದು’ ಅಂದ. ಇವತ್ತಿಗೂ ಕೈಯಲ್ಲಿ ಸ್ಕ್ರೂ ತಿರುಗಿಸುವ ಮಷಿನ್ನು ಹಿಡಿದರೆ, ಗಿಡಕ್ಕೆ ಔಷಧ ಹೊಡೆಯುವ ಬಾಟಲಿ ಹಿಡಿದರೆ, ನನ್ನ ತೋರುಬೆರಳು ತಾನಾಗಿಯೇ ನೆಟ್ಟಗೆ ಒರಗಿ ನಿಂತಿರುತ್ತದೆ. ಆ ಬೆರಳು ನನ್ನದಲ್ಲ, ಅಪ್ಪ ಇಟ್ಟು ಹೋದದ್ದು ಅನ್ನಿಸುತ್ತದೆ.

ಅಪ್ಪನಿಗಂತೂ ಅದು ಬಂದೂಕಿನಲ್ಲಿ ನಿಲ್ಲಲಿಲ್ಲ. ಕೊಡೆಯ ತುದಿ ಯಾರ ಕಡೆಗೂ ತಿರುಗುತ್ತಿರಲಿಲ್ಲ. ಬ್ಯಾಟರಿಯ ಬೆಳಕನ್ನು ಯಾರ ಮುಖಕ್ಕೂ ಬಿಡುತ್ತಿರಲಿಲ್ಲ, ಕಾಲಿಗೆ ಬಿಟ್ಟು ‘ಯಾರು?’ ಅನ್ನುತ್ತಿದ್ದ. ಯಾರಿಗಾದರೂ ಡಬ್ಬಿ ಕೊಡುವಾಗ ಮುಚ್ಚಳ ತೆಗೆದು, ಒಳಗೆ ನೋಡಿ, ಅವರಿಗೂ ತೋರಿಸಿ ಕೊಡುತ್ತಿದ್ದ. ಖಾಲಿ ಡಬ್ಬಿಯನ್ನೂ. ಹೊಲದ ಮುಳ್ಳುತಂತಿಯ ಬೇಲಿ ದಾಟುವಾಗ ಕೈಯಲ್ಲಿ ಬರೀ ಬಡಿಗೆಯಿದ್ದರೂ ಮೊದಲು ಅದನ್ನು ತಂತಿಯ ಕೆಳಗಿನಿಂದ ಆಚೆಗೆ ನೆಲದ ಮೇಲೆ ಮಲಗಿಸಿ, ತುದಿಯನ್ನು ತನ್ನಿಂದ ದೂರ ತಿರುಗಿಸಿ, ಆಮೇಲೆ ತಾನು ದಾಟುತ್ತಿದ್ದ. ಬ್ಯಾಂಕಿನ ಕೆಲಸ ಮುಗಿದ ಮೇಲೆ ಬಂದೂಕು ಹೊಲದ ಕಾವಲಿಗೆ ಉಳಿಯಿತು. ಕಾಡುಹಂದಿಗಳು ಗೋವಿನಜೋಳ ಹಾಳು ಮಾಡುತ್ತಿದ್ದವು. ಅಪ್ಪ ಅದನ್ನು ಹಾರಿಸಿದ್ದು ನಾನು ನೋಡಿದ್ದು ಬಹಳ ಕಡಿಮೆ. ತೆರೆದು ನೋಡಿದ್ದೇ ಹೆಚ್ಚು.

ನನಗೆ ಇದೆಲ್ಲ ಎಷ್ಟು ಹತ್ತಿದೆ ಎಂದು ಗೊತ್ತಾದದ್ದು ಮದುವೆಯಾದ ಮೇಲೆ. ಗಂಡ ಬಾದಾಮಿಯವನು. ಅವನ ಅಜ್ಜ, ಅವನ ಅಪ್ಪ, ನನ್ನ ಅತ್ತೆ ಎಲ್ಲರೂ ಮಾಸ್ತರಿಕೆ ಮಾಡಿದ ಮನೆ. ಸೀಮೆಸುಣ್ಣಕ್ಕಿಂತ ಗಟ್ಟಿಯಾದದ್ದನ್ನು ಆ ಮನೆಯ ಗಂಡಸರು ಹಿಡಿದಿರಲಿಲ್ಲ. ಬನಶಂಕರಿ ಜಾತ್ರೆಗೆ ಹೋದಾಗ ಬಲೂನು ಹೊಡೆಯುವ ಅಂಗಡಿಯ ಮುಂದೆ ಗಂಡ ಗಾಳಿಬಂದೂಕು ಹಿಡಿದು, ಒಂದೂ ಬಲೂನು ಒಡೆಯದೆ, ನಗುತ್ತ ಅದನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದ. ‘ಹೆದರಬ್ಯಾಡ, ಖಾಲಿ ಅದ’ ಅಂದ. ಮಾತು ಮುಗಿಯುವ ಮೊದಲೇ ನನ್ನ ಕೈ ಹೋಗಿ ನಳಿಗೆಯನ್ನು ಆಕಾಶಕ್ಕೆ ಎತ್ತಿಬಿಟ್ಟಿತ್ತು. ನಾನು ಕೈಗೆ ಹೇಳಿರಲಿಲ್ಲ. ಅಂಗಡಿಯವನು ನೋಡಿ, ‘ಬಾಯಾರು ಪೊಲೀಸ್‌ನ್ಯಾಗ ಅದಾರೇನ್ರಿ?’ ಎಂದು ಕೇಳಿದ. ಗಂಡ, ‘ಇಲ್ರೀ, ಅಕಿ ನಮ್ಮ ಮಾವನ ಮಗಳು’ ಅಂದ.

ಅತ್ತೆಗೆ ಚಾಕು ಕೊಡುವಾಗ ಹಿಡಿಕೆ ಅವರ ಕಡೆ ಮಾಡಿ, ಅವರು ‘ಹಿಡದೆ’ ಅನ್ನುವತನಕ ಬಿಡುತ್ತಿರಲಿಲ್ಲ ನಾನು. ‘ಏನವಾ, ನಮ್ಮ ಮನ್ಯಾಗ ಬದನಿಕಾಯಿ ಹೆಚ್ಚೋದೂ ಪರೇಡ್ ಆಗೇದಲ್ಲ’ ಎಂದು ಅವರು ನಗುತ್ತಿದ್ದರು. ಈಗ ಅವರೂ ಹಾಗೇ ಕೊಡುತ್ತಾರೆ. ಯಾವಾಗಿನಿಂದ ಎಂದು ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ.

ಇಲ್ಲಿಯವರೆಗಿನದನ್ನು ಬರೆಯುವುದು ಸುಲಭವಿತ್ತು. ಇನ್ನು ಮುಂದಿನದು ಹಾಗಲ್ಲ.

ರೂಢಿಯ ಬಗ್ಗೆ ನಾನು ತಡವಾಗಿ ಅರ್ಥ ಮಾಡಿಕೊಂಡ ಒಂದು ಸಂಗತಿ ಇದೆ. ಕೈಗೆ ರೂಢಿಯಾದ ಕೆಲಸ ಮನಸ್ಸಿನಲ್ಲಿ ಗುರುತು ಉಳಿಸುವುದಿಲ್ಲ. ಒಂದು ಶನಿವಾರ ನಾನೂ ಗಂಡನೂ ಬಾಗಲಕೋಟೆಯ ನವನಗರದ ನಮ್ಮ ಮನೆಯಿಂದ ತುಳಸಿಗೇರಿಯ ಹನಮಪ್ಪನ ಗುಡಿಗೆ ಹೊರಟಿದ್ದೆವು. ಅರ್ಧ ದಾರಿಯಲ್ಲಿ ನನಗೆ ಬಾಗಿಲಿಗೆ ಕೀಲಿ ಹಾಕಿದ್ದು ನೆನಪಾಗಲಿಲ್ಲ. ಎಷ್ಟು ಕೆದಕಿದರೂ ತೆರೆದ ಬಾಗಿಲೇ ಕಣ್ಣಿಗೆ ಬರುತ್ತಿತ್ತು. ಗಾಡಿ ತಿರುಗಿಸಿ ಬಂದು ನೋಡಿದರೆ ಕೀಲಿ ಹಾಕಿತ್ತು. ಎಳೆದು ನೋಡುವುದು ನನ್ನ ರೂಢಿ, ಎಳೆದೂ ನೋಡಿರಬೇಕು. ಎರಡೂ ನೆನಪಿರಲಿಲ್ಲ. ನೆನಪಿದ್ದದ್ದು ಆಗದೇ ಇದ್ದ ಸಂಗತಿ, ತೆರೆದ ಬಾಗಿಲು. ಆ ಶನಿವಾರ ಅಪ್ಪನ ಬಂದೂಕು ಮನೆ ಬಿಟ್ಟು ಹೋಗುವುದಕ್ಕಿಂತ ಮೊದಲು ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಅದು ಬಂದದ್ದು ಆಮೇಲೆ.

ನಮ್ಮದು ಬೀರಪ್ಪ ದೇವರ ಒಕ್ಕಲು. ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಕುಡಗೋಲು, ಕುರ್ಪಿ, ಕೂರಿಗೆ, ತಮ್ಮನ ಬೈಕು, ತನ್ನ ಹೊಲಿಗೆ ಮಷಿನ್ನು, ಎಲ್ಲಕ್ಕೂ ಅವ್ವ ದೇವರ ಅರಿಶಿನಪುಡಿ, ಅದೇ ಭಂಡಾರ, ಹಚ್ಚಿ, ಭಂಡಾರದ ನೀರಿನಲ್ಲಿ ಅದ್ದಿದ ನೂಲಿನ ದಾರ ಕಟ್ಟುತ್ತಾಳೆ. ಮರುದಿನ ಬನ್ನಿ ಕೊಟ್ಟು ತಗೊಳ್ಳುವ ಹೊತ್ತಿನವರೆಗೆ ಆ ದಾರ ಹರಿಯಬಾರದು, ದಾರ ಕಟ್ಟಿದ್ದನ್ನು ಕೆಲಸಕ್ಕೆ ಮುಟ್ಟಬಾರದು. ಬಿಚ್ಚಿದ ದಾರಗಳನ್ನೆಲ್ಲ ಅವ್ವ ತಾನೇ ಕೂಡಿಸಿ ತುಳಸಿಕಟ್ಟೆಯ ಮೇಲೆ ಇಡುತ್ತಾಳೆ.

ಬಂದೂಕಿಗೂ ಪೂಜೆಯ ಮಣೆಯ ಮೇಲೆ ಜಾಗವಿತ್ತು. ಅದನ್ನು ಮುಚ್ಚಿ, ನಳಿಗೆ ಮತ್ತು ಕಟ್ಟಿಗೆ ಎರಡನ್ನೂ ಸೇರಿಸಿ ದಾರ ಸುತ್ತುತ್ತಿದ್ದಳು ಅವ್ವ. ಹಾಗೆ ಸುತ್ತಿದರೆ ದಾರ ಬಿಚ್ಚದೆ ಬಂದೂಕು ತೆರೆಯಲು ಆಗುವುದಿಲ್ಲ. ಪ್ರತಿ ವರ್ಷ ಇದಕ್ಕೊಂದು ತಕರಾರು.

‘ನಳಿಗಿಗೆ ಅಷ್ಟ ಕಟ್ಟು. ಬಾಯಿ ಮುಚ್ಚಬ್ಯಾಡ’ ಅನ್ನುತ್ತಿದ್ದ ಅಪ್ಪ.

‘ಬಾಯಿ ತಕ್ಕೊಂಡ ಕುಂತಿದ್ದಕ್ಕ ಯಾರ ಪೂಜಿ ಮಾಡ್ತಾರ?’

‘ದಿನಾ ನಿನಗ ಮಾಡಾಕತ್ತೇನಲ್ಲ.’

ಅವ್ವ ಭಂಡಾರದ ಕೈಯಲ್ಲೇ ಅವನ ಬೆನ್ನಿಗೆ ಒಂದು ಕೊಡುತ್ತಿದ್ದಳು. ಬಿಳಿ ಅಂಗಿಯ ಮೇಲೆ ಹಳದಿ ಕೈ ಮೂಡುತ್ತಿತ್ತು. ಕೊನೆಗೆ ಅವ್ವನದೇ ನಡೆಯುತ್ತಿತ್ತು. ಅಪ್ಪ ಪೂಜೆಗೆ ಮೊದಲು ತೆರೆದು ನೋಡಿ ಮುಚ್ಚಿಕೊಡುತ್ತಿದ್ದ. ಮರುದಿನ ಬನ್ನಿ ಆದ ಮೇಲೆ ದಾರ ಬಿಚ್ಚಿ ಅವ್ವನ ಕೈಗೆ ಕೊಟ್ಟು, ಮತ್ತೆ ತೆರೆದು ನೋಡಿ, ತೆರೆದೇ ಒಳಗೆ ಕಳಿಸುತ್ತಿದ್ದ. ವರ್ಷದಲ್ಲಿ ಆ ಒಂದು ದಿನ ಮಾತ್ರ ನಮ್ಮ ಮನೆಯಲ್ಲಿ ಬಂದೂಕು ಯಾರೂ ತೆರೆದು ನೋಡದೆ ಕೂತಿರುತ್ತಿತ್ತು. ಆ ದಿನ ಅದು ದೇವರು, ದೇವರನ್ನು ಯಾರು ತೆರೆದು ನೋಡುತ್ತಾರೆ.

ಆ ವರ್ಷ ಹಬ್ಬಕ್ಕೆ ನಾನು ಒಬ್ಬಳೇ ಹೋಗಿದ್ದೆ. ಬನ್ನಿಯ ಸಂಜೆ, ಸೂರ್ಯ ಇನ್ನೂ ಇದ್ದ. ಅದೇ ಮನೆಯಲ್ಲಿರುವ ತಮ್ಮ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಓಣಿಯಲ್ಲಿ ಬನ್ನಿ ಕೊಡಲು ಹೋಗಿದ್ದ. ಅವ್ವ ಮಣೆಯ ಮೇಲಿನದನ್ನೆಲ್ಲ ತೆಗೆಯುತ್ತಿದ್ದಳು. ನನಗೆ ಫೋನು ಬಂತು, ಗಂಡನದು, ಮೋಟರಿನ ಸ್ವಿಚ್ಚು ಎಲ್ಲಿದೆ ಎಂದೋ ಏನೋ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು ಮಾತಾಡುತ್ತಿದ್ದಾಗ ಅಪ್ಪ ಬಂದೂಕು ತಂದು ನನ್ನ ಕೈಗೆ ಕೊಟ್ಟ. ನಾನು ಅಲಮಾರಿಗೆ ಇಟ್ಟು, ಕೀಲಿ ಹಾಕಿ, ಕೀಲಿಯನ್ನು ಅವನ ಕೈಗೆ ಕೊಟ್ಟೆ. ಅಷ್ಟೇ ಆದದ್ದು.

ಮರುದಿನ ವಾಪಸು ಬರುವಾಗ, ಅಮೀನಗಡ ದಾಟಿದ ಮೇಲೆ, ಯಾಕೋ ಅದು ಕಣ್ಣ ಮುಂದೆ ಬಂತು. ಅಪ್ಪನ ಎರಡು ಕೈ, ಅದರಲ್ಲಿ ಬಂದೂಕು. ಮಡಚಿದ ಬಂದೂಕಲ್ಲ, ನೆಟ್ಟಗಿನ ಬಂದೂಕು. ನಡುವೆ ಹಳದಿ ದಾರ. ತೆರೆಯುವಾಗ ಬರುವ ಆ ಕಟ್ ಎಂಬ ಸದ್ದು ಎಷ್ಟು ನೆನೆದರೂ ಸಿಗಲಿಲ್ಲ. ಅಪ್ಪ ತೆರೆಯದೇ ಕೊಟ್ಟ ಅನ್ನಿಸಿತು. ನಾನು ಹುಟ್ಟಿದಾಗಿನಿಂದ ಅಪ್ಪ ಹಾಗೆ ಮಾಡಿದ್ದಿಲ್ಲ.

ಒಂದು ಅನ್ನಿಸಿದ ಮೇಲೆ ಉಳಿದವು ತಾವಾಗಿ ಬಂದು ಅದರ ಹಿಂದೆ ನಿಂತವು. ಆ ಸಲ ಅಪ್ಪ ಒಂದೇ ಪ್ರಶ್ನೆಯನ್ನು ಎರಡೆರಡು ಸಲ ಕೇಳಿದ್ದ. ಹೊಲದ ಪಂಪು ಓಡುತ್ತಲೇ ಇದ್ದರೂ ಬಂದ್ ಮಾಡಿರಲಿಲ್ಲ. ಹಿಂದಿನಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಬಿಟ್ಟಿರಲಿಲ್ಲ. ಮನೆ ತಲುಪುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಅಪ್ಪ ಮರೆವಿನ ಮುದುಕನಾಗಿದ್ದ.

ಓದಿದ್ದು ನಾನು ಇತಿಹಾಸ. ಧಾರವಾಡದಲ್ಲಿ ಎಂ.ಎ. ಮಾಡುವಾಗ ಒಬ್ಬನೇ ಸಾಕ್ಷಿಯ ಮಾತನ್ನು ಹೇಗೆ ತೂಗಬೇಕು, ನೋಡಿದವನು ಆಗ ಎಲ್ಲಿ ನಿಂತಿದ್ದ, ಏನು ಮಾಡುತ್ತಿದ್ದ ಎಂದು ಹೇಗೆ ಕೇಳಬೇಕು ಎಂದು ಪುಟಗಟ್ಟಲೆ ಬರೆದವಳು. ಇಲ್ಲಿ ಇದ್ದದ್ದು ಒಬ್ಬಳೇ ಸಾಕ್ಷಿ. ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು. ಹಿಂದಿನ ದಿನವಿಡೀ ಮಣೆಯ ಮೇಲೆ ದಾರ ಕಟ್ಟಿದ ಬಂದೂಕನ್ನೇ ನೋಡಿದ್ದಳು. ಆ ಚಿತ್ರ ಯಾವ ದಿನದ್ದು ಎಂದು ಅವಳನ್ನು ಯಾರೂ ಕೇಳಲಿಲ್ಲ. ಅವಳೂ ಕೇಳಿಕೊಳ್ಳಲಿಲ್ಲ.

ಇನ್ನೊಂದು. ತೆಗೆದುಕೊಳ್ಳುವವರೂ ನೋಡಬೇಕು ಎಂಬುದು ಅಪ್ಪನ ಕಾನೂನಾಗಿತ್ತಲ್ಲ. ನಾನು ನೋಡಿದೆನೇ? ಅದೂ ನೆನಪಿಲ್ಲ. ಆದರೆ ನನ್ನ ವಿಷಯದಲ್ಲಿ ನಾನು ‘ನೋಡಿರಲೇಬೇಕು, ಅದು ನನ್ನ ರೂಢಿ’ ಅಂದುಕೊಂಡೆ. ಅಪ್ಪನ ವಿಷಯದಲ್ಲಿ ‘ನೋಡಿಲ್ಲ’ ಅಂದುಕೊಂಡೆ. ಒಂದೇ ಮರೆವನ್ನು ನನ್ನ ಕಡೆ ಒಂದು ಥರ, ಅವನ ಕಡೆ ಒಂದು ಥರ ಓದಿದೆ.

ತಮ್ಮನಿಗೆ ಫೋನು ಮಾಡಿದೆ. ಅವನು ಇಳಕಲ್ಲಿನಲ್ಲಿ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಹಿಂದೆ ಗಿರಾಕಿಗಳ ಸದ್ದು ಕೇಳುತ್ತಿತ್ತು.

‘ತಮ್ಮಾ, ನಿನ್ನೆ ಅಪ್ಪ ಬಂದೂಕ ತೆರೀದನ ಕೊಟ್ಟ ನನ್ನ ಕೈಯಾಗ.’

‘ಅಪ್ಪ? ಸಾಧ್ಯ ಇಲ್ಲ ಬಿಡಕ್ಕಾ.’

‘ನಾ ನೋಡೀನೋ.’

ಗಿರಾಕಿಗಳ ಸದ್ದಿನಿಂದ ದೂರ ಹೋದ. ಆಮೇಲೆ, ‘ಅಕ್ಕಾ, ಮನ್ಯಾಗ ಸಣ್ಣ ಹುಡುಗ್ರು ಅದಾವು’ ಅಂದ. ಅವನು ಹೇಳಿದ್ದು ತಪ್ಪಲ್ಲ. ಇಂದಿಗೂ ಅನ್ನುತ್ತೇನೆ, ಅದು ತಪ್ಪಲ್ಲ. ಬಂದೂಕಿರುವ ಮನೆಯಲ್ಲಿ ಸಂಶಯ ಬಂದರೆ ಸಂಶಯದ ಕಡೆಗೇ ವಾಲಬೇಕು, ಅದನ್ನು ಕಲಿಸಿದವನೂ ಅಪ್ಪನೇ. ಆದರೆ ನನಗೆ ಬಂದದ್ದು ಸಂಶಯ, ನಾನು ಹೇಳಿದ್ದು ‘ನಾ ನೋಡೀನಿ’.

ಲೈಸೆನ್ಸಿನ ಅವಧಿ ಮುಗಿಯಲು ಬಂದಿತ್ತು. ಈ ಸಲ ನವೀಕರಿಸುವುದು ಬೇಡ, ಬಂದೂಕು ಠಾಣೆಗೆ ಒಪ್ಪಿಸಿಬಿಡೋಣ ಎಂದು ನಾವಿಬ್ಬರೂ ಮಾತಾಡಿಕೊಂಡು, ಒಂದು ಭಾನುವಾರ ನಾನು ಮತ್ತೆ ಊರಿಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ತಮ್ಮನೇ ಮಾತು ತೆಗೆದ. ವಯಸ್ಸು, ಹುಡುಗರು, ಲೈಸೆನ್ಸಿನ ಓಡಾಟ ಎಂದು ಸುತ್ತು ಹಾಕಿ ಹೇಳಿದ. ಅಪ್ಪನಿಗೆ ಸುತ್ತು ತಿಳಿಯಿತು.

‘ಖರೆ ಕಾರಣ ಹೇಳೋ’ ಅಂದ.

ತಮ್ಮ ನನ್ನ ಕಡೆ ನೋಡಿದ. ನಾನು ಹೇಳಿದೆ. ಅಪ್ಪ ಕೈಯಲ್ಲಿದ್ದ ಶೇಂಗಾ ಬುಟ್ಟಿಗೆ ಹಾಕಿ, ಕಿವಿಗೆ ಕೈ ಹಚ್ಚಿ, ಮತ್ತೊಮ್ಮೆ ಹೇಳು ಅಂದ. ಜೋರಾಗಿ ಹೇಳಬೇಕಾಯಿತು. ಅಂಥ ಮಾತನ್ನು ಜೋರಾಗಿ ಹೇಳುವುದು ಬೇರೆಯೇ ಒಂದು ಶಿಕ್ಷೆ.

‘ನಾ ತೆರೀದನ ಕೊಟ್ನೇನ ಯವ್ವಾ?’

‘ಹೂಂ ಅಪ್ಪಾ.’

‘ನೀ ನೋಡಿದೇನ?’

‘ಹೂಂ.’

ಅಪ್ಪ ತನ್ನ ಬಲಗೈ ಕಿರುಬೆರಳನ್ನು ನೋಡಿಕೊಂಡ. ಅದು ತನಗೆ ಸುಳ್ಳು ಹೇಳಿದೆ ಎಂಬಂತೆ. ಸಿಟ್ಟಾಗುತ್ತಾನೆ, ಕೂಗಾಡುತ್ತಾನೆ, ನನ್ನ ತಲೆ ಕೆಟ್ಟಿದೆ ಅನ್ನುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅನ್ನಲಿ ಎಂದೂ ಬಯಸುತ್ತಿದ್ದೆನೇನೋ.

‘ನೀ ನೋಡಿದ್ರ ಆತು ಬಿಡು’ ಅಂದ.

ಯಾರ ಮಾತನ್ನೂ ನಂಬಬೇಡ, ತೆರೆದು ನೋಡು, ಬೆರಳು ಹಾಕಿ ನೋಡು ಅನ್ನುತ್ತಿದ್ದವನು ನನ್ನ ಮಾತನ್ನು ತೆರೆದೇ ನೋಡಲಿಲ್ಲ. ಒಳಗೆ ಅವ್ವ ನೀರು ತುಂಬುತ್ತಿದ್ದಳು. ಕೊಡ ತುಂಬಿ ನೀರು ಹೊರಗೆ ಚೆಲ್ಲುವುದು ಕೇಳುತ್ತಿತ್ತು. ಅವಳು ಹೊರಗೆ ಬರಲಿಲ್ಲ.

ಠಾಣೆಗೆ ಹೋಗುವ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಕಾರಿನಲ್ಲಿ ಮುಂದೆ ಕೂರು ಅಂದರೆ ಕೇಳದೆ ಹಿಂದೆ ಕೂತ, ಚೀಲ ಬೂಟಿನ ನಡುವೆ ಕೆಳಮುಖ. ಅಲ್ಲಿ ಮೇಜಿನ ಹಿಂದೆ ಕೂತಿದ್ದ ಪೊಲೀಸರು ವಯಸ್ಸಾದವರು, ಮರ್ಯಾದೆಯಿಂದ ಮಾತಾಡಿಸಿದರು.

‘ಖಾಲಿ ಐತಿ ಅಲ್ರಿ ಯಜಮಾನ್ರ?’

‘ನಾ ಹೇಳಿದ್ದ ನಂಬಬ್ಯಾಡ್ರಿ ಸಾಹೇಬ್ರ. ನೋಡ್ರಿ.’

ಅಪ್ಪ ನಳಿಗೆಯನ್ನು ಗೋಡೆಯ ಕಡೆ ಮಾಡಿದ. ಮಡಚಿ ತೆರೆದ. ಕಟ್ ಎಂಬ ಸದ್ದು ಆ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸಿತು. ಕಿಟಕಿಯ ಬೆಳಕಿಗೆ ಹಿಡಿದು ಎರಡೂ ನಳಿಗೆ ನೋಡಿದ. ಕಿರುಬೆರಳು ಹಾಕಿ ತಿರುವಿದ, ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ. ಆಮೇಲೆ ತೆರೆದ ಬಂದೂಕನ್ನು ತೆರೆದ ಹಾಗೆಯೇ, ಕಟ್ಟಿಗೆ ಅವರ ಕಡೆ ಮಾಡಿ, ಅವರು ಹಿಡಿಯುವತನಕ ಬಿಡದೆ ಕೊಟ್ಟ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಾನು ಈ ಸಲ ಕಣ್ಣು ಬಿಟ್ಟು ನೋಡುತ್ತಿದ್ದೆ. ಪೊಲೀಸರೂ ನೋಡಿ, ಬೆರಳು ಹಾಕಿ, ನಕ್ಕರು.

‘ನಮಗ ಟ್ರೇನಿಂಗ್ ಕೊಡಾಕ ಬರ್ರಿ ನೀವು. ಇನ್ನ ಹಂದಿಗೋಳನ್ನ ಯಾರ ಓಡಸ್ತಾರ?’

‘ನಮ್ಮ ಮನೀಯಾಕಿ ಅದಾಳ್ರಿ. ಅಕಿ ದನಿ ಸಾಕು.’

ಎಲ್ಲರೂ ನಕ್ಕರು, ನಾನೂ ನಕ್ಕೆ. ಸಹಿ ಹಾಕಿ ಹೊರಗೆ ಬಂದಾಗ ಖಾಲಿ ಕ್ಯಾನ್ವಾಸ್ ಚೀಲ ಅಪ್ಪನ ಕೈಯಲ್ಲೇ ಇತ್ತು. ಅದನ್ನು ಮಡಚುವ ಮೊದಲು ಬಾಯಿ ತೆರೆದು ಒಳಗೆ ನೋಡಿದ. ಆಗಲಾದರೂ ನಾನು ಹೇಳಬಹುದಿತ್ತು. ವಾಪಸು ಒಳಗೆ ಹೋಗಿ, ಮಾತು ಬದಲಿಸಬಹುದಿತ್ತು. ಕಾರಿನ ಬಾಗಿಲು ತೆರೆದೆ.

ಬಂದೂಕು ಹೋದದ್ದು ಅಷ್ಟು ದೊಡ್ಡದಲ್ಲ. ಯಾವತ್ತಾದರೂ ಹೋಗಲೇಬೇಕಿತ್ತು. ಅದರ ಜೊತೆ ಹೋದದ್ದು ಬೇರೆ. ಅವ್ವ ಫೋನಿನಲ್ಲಿ ಹೇಳತೊಡಗಿದಳು: ‘ನಿಮ್ಮಪ್ಪ ಗ್ಯಾಸ್ ಬಂದ್ ಮಾಡೀನೇನ ಅಂತ ನನ್ನ ಕೇಳ್ತಾನ. ತಾನ ಬಂದ್ ಮಾಡಿ, ತಾನ ನೋಡಿ, ಮತ್ತ ನನ್ನ ಕೇಳ್ತಾನ.’ ಎಮ್ಮೆ ಕಟ್ಟಿ ಬಂದು, ಕಟ್ಟಿದೆನೇ ಎಂದು ಮೊಮ್ಮಕ್ಕಳನ್ನು ಕೇಳುತ್ತಾನಂತೆ. ಒಂದು ಸಲ ನಾನೇ ಹೊಲದಲ್ಲಿ ಕಂಡೆ. ಬೇಲಿಯ ಹತ್ತಿರ ಬಡಿಗೆಯನ್ನು ಆಚೆ ಮಲಗಿಸಿ, ಬಗ್ಗಿ ನೋಡಿ, ಮತ್ತೆ ಈಚೆ ಎಳೆದುಕೊಂಡು, ಮತ್ತೆ ಮಲಗಿಸಿದ. ಮೊದಲು ಕೈಗಳು ತಾವೇ ಮಾಡುತ್ತಿದ್ದವು, ಅವನು ನಿಶ್ಚಿಂತೆಯಿಂದ ಆಚೆ ಈಚೆ ನೋಡುತ್ತ ಇರುತ್ತಿದ್ದ. ಈಗ ಕೈಗಳನ್ನು ಕಾಯುತ್ತ ನಿಲ್ಲುತ್ತಾನೆ. ಆ ಕೈಗಳು ಅವನ ಇಡೀ ಬದುಕಿನ ಗಳಿಕೆ. ಅವುಗಳ ಮೇಲಿನ ನಂಬಿಕೆಯನ್ನು ನಾನು ಒಂದು ‘ಹೂಂ’ನಲ್ಲಿ ತೆಗೆದುಬಿಟ್ಟೆ.

ಬಾಗಲಕೋಟೆಗೆ ಕರೆತಂದು ಡಾಕ್ಟರಿಗೆ ತೋರಿಸಿದೆವು. ಅವರು ಅಪ್ಪನನ್ನು ಏನೇನೋ ಕೇಳಿದರು, ಗಡಿಯಾರದ ಚಿತ್ರ ಬರೆಸಿದರು, ಮೂರು ವಸ್ತು ಹೇಳಿ ಆಮೇಲೆ ಕೇಳಿದರು. ಅಪ್ಪ ಮೂರನ್ನೂ ಹೇಳಿ, ಹೇಳಿದ ಕ್ರಮವನ್ನೂ ಹೇಳಿ, ‘ತಪ್ಪಿಲ್ಲೇನ್ರಿ?’ ಎಂದು ಅವರನ್ನೇ ಕೇಳಿದ. ಮರೆವು ಏನೂ ಇಲ್ಲ, ಕಿವಿ ಮಂದವಾಗಿದೆ, ಬಂದೂಕಿನ ಸದ್ದಿನ ಪಕ್ಕ ಬದುಕಿದವರಿಗೆ ಹೀಗಾಗುತ್ತದೆ ಅಂದರು ಡಾಕ್ಟರು. ಒಂದೇ ಪ್ರಶ್ನೆ ಎರಡು ಸಲ ಕೇಳಿದ್ದು ನಮ್ಮ ಉತ್ತರ ಕೇಳಿಸದೆ. ಪಂಪು, ಟ್ರ್ಯಾಕ್ಟರು, ಎಲ್ಲ ಅಷ್ಟೇ. ನಾನು ಸಾಲಾಗಿ ನಿಲ್ಲಿಸಿದ್ದ ಸಾಕ್ಷಿಗಳು ಒಂದೊಂದಾಗಿ ಎದ್ದು ಹೋದವು. ಉಳಿದದ್ದು ಆ ಹಳದಿ ದಾರ ಒಂದೇ.

ಕಿವಿಗೆ ಮಷಿನ್ನು ಹಾಕಿಸಿದೆವು. ಊರಿಗೆ ಹೋದ ವಾರಕ್ಕೆ ಫೋನು ಮಾಡಿ ಅಂದ: ‘ಹಂದಿ ಬೇಲಿ ನುಗ್ಗೂದು ಕೇಳಸ್ತೈತಿ ಈಗ. ಓಡ್ಸಾಕ ಏನೂ ಇಲ್ಲ.’ ನಗುತ್ತಲೇ ಅಂದ.

ಆಮೇಲೆ ಒಂದು ದಿನ ಧೈರ್ಯ ಮಾಡಿ ಅವನಿಗೇ ಹೇಳಿದೆ. ‘ಅಪ್ಪಾ, ಅವತ್ತ ನೀ ತೆರೀದನ ಕೊಟ್ಟಿ ಅಂದೆನಲ್ಲ, ನನಗ ಖಾತ್ರಿ ಇಲ್ಲ. ನಾ ಫೋನ್ಯಾಗ ಮಾತಾಡಾಕತ್ತಿದ್ದೆ.’

‘ಆಗಿದ್ದು ಆತು ಬಿಡು. ನೀ ಸುಳ್ಳ ಹೇಳಾಕಿ ಅಲ್ಲ.’

‘ಸುಳ್ಳಲ್ಲ ಅಪ್ಪಾ. ನೆನಪ ತಪ್ಪಿರಬಹುದು.’

‘ನಿಂದು ಓದಿದ ತಲಿ. ತಪ್ಪಿದ್ರ ನಂದ ತಪ್ಪಿರ್ತೈತಿ’ ಎಂದು ಎದ್ದು ಹೋದ. ನಾನು ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಲು ಅವನು ಬಿಡಲಿಲ್ಲ.

ಈ ವರ್ಷದ ಖಂಡೇಪೂಜೆಗೆ ಮತ್ತೆ ಹೋಗಿದ್ದೆ. ಮಣೆಯ ಮೇಲೆ ಬಂದೂಕಿನ ಜಾಗದಲ್ಲಿ ಅವ್ವ ಅಪ್ಪನ ಬಡಿಗೆ ಇಟ್ಟಿದ್ದಳು. ಭಂಡಾರ ಹಚ್ಚಿ, ನಡುವೆ ದಾರ ಸುತ್ತುತ್ತಿದ್ದಳು. ಅಪ್ಪ ಹಿತ್ತಲಲ್ಲಿ ಸ್ನಾನಕ್ಕೆ ಹೋಗಿದ್ದ, ಕಿವಿಯ ಮಷಿನ್ನು ಗೂಡಿನಲ್ಲಿತ್ತು. ತಮ್ಮ ಹೊರಗೆ ಬೈಕು ತೊಳೆಯುತ್ತಿದ್ದ. ಅಡಿಗೆ ಮನೆಯಿಂದ ಬೇಳೆ ಬೇಯುವ ವಾಸನೆ.

ಬಂದೂಕು ನನ್ನ ಕೈಗೆ ಬಂದ ಆ ಬನ್ನಿಯ ಸಂಜೆ ಅಲ್ಲಿದ್ದವರು ಮೂರೇ ಜನ. ಅಪ್ಪ ನನ್ನ ಮಾತು ನಂಬಿದ. ನನಗೆ ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ. ಮೂರನೆಯವಳು ಅವ್ವ. ಬಿಚ್ಚಿದ ದಾರಗಳನ್ನು ಕೂಡಿಸುವವಳು ಅವಳೇ. ಬಂದೂಕಿನ ದಾರ ಅವಳ ಕೈಗೆ ಬಂದಿದ್ದರೆ ಅಪ್ಪ ತೆರೆದಿದ್ದ. ಬಂದಿರದಿದ್ದರೆ ಇಲ್ಲ. ಬಂದೂಕಿನ ಮೇಲೆ ದಾರ ಉಳಿದಿದ್ದರೂ, ನಾನು ಮತ್ತೆ ಊರಿಗೆ ಹೋಗುವಷ್ಟರಲ್ಲಿ ಅದು ಹೊಲದ ಕಾವಲಿಗೆ ಹೋಗಿ ಬಂದು ಬಿಚ್ಚಿಹೋಗಿರುತ್ತಿತ್ತು. ಇಷ್ಟು ದಿನ ನಾನು ಯಾಕೆ ಕೇಳಲಿಲ್ಲವೋ, ಅವಳು ಯಾಕೆ ತಾನಾಗಿ ಹೇಳಲಿಲ್ಲವೋ. ಕಟ್ಟೆಯ ಮೇಲೆ ಅಪ್ಪ ಕೂತು ‘ನೀ ನೋಡಿದ್ರ ಆತು’ ಅಂದಾಗ, ಒಳಗೆ ಕೊಡ ತುಂಬಿ ಚೆಲ್ಲುತ್ತಿತ್ತಲ್ಲ, ಅವಳಿಗೆ ಎಲ್ಲ ಕೇಳಿಸಿತ್ತು.

ಅವಳ ಹತ್ತಿರ ಕೂತು, ದಾರದ ಒಂದು ತುದಿ ಹಿಡಿದುಕೊಟ್ಟೆ. ಕೇಳಿದೆ. ಅವ್ವನ ಕೈ ಒಂದು ಗಳಿಗೆ ನಿಂತಿತು. ನನ್ನ ಮುಖ ನೋಡಿದಳು, ಹಿತ್ತಲ ಬಾಗಿಲು ನೋಡಿದಳು, ಆಮೇಲೆ ಗಂಟು ಹಾಕಿ ದಾರ ಹರಿದು, ಕುಡಗೋಲು ಎತ್ತಿಕೊಂಡು ಅದಕ್ಕೆ ಸುತ್ತಲು ಶುರು ಮಾಡಿದಳು. ಬನ್ನಿ ಮುಗಿಸಿ ನಾನು ಬಾಗಲಕೋಟೆಗೆ ಬಂದಿದ್ದೇನೆ. ದಿನಾ ಫೋನಿನಲ್ಲಿ ಮಾತಾಡುತ್ತೇವೆ, ರೊಟ್ಟಿ, ಎಮ್ಮೆ, ಮೊಮ್ಮಕ್ಕಳ ಸಾಲಿ, ಎಲ್ಲ ಹೇಳುತ್ತಾಳೆ. ಅದೊಂದಕ್ಕೆ ಉತ್ತರ ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

‘ಅವ್ವಾ, ಅವತ್ತ ನಾ ಬಂದೂಕ ಒಳಗ ಇಡಾಕ ಹೋದಾಗ, ಅದರ ದಾರ ಅದರ ಮ್ಯಾಲನ ಇತ್ತೇನ, ನಿನ್ನ ಕೈಯಾಗ ಇತ್ತೇನ?’